ಕಿವಿಗೆ ರುಚಿ ಹತ್ತಿದ್ದು ಹೇಗೆ?

1971ರ ಮಾರ್ಚ್ 5. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಅಲ್‌ಸ್ಟರ್ ಹಾಲ್. ಊರಿನ ಬೀದಿಗಳಲ್ಲಿ ಸೈನ್ಯ, ಗಲಭೆ. ಹೊರಗಿನ ಕಲಾವಿದರು ಅತ್ತ ಸುಳಿಯಲು ಹಿಂದೆಮುಂದೆ ನೋಡುತ್ತಿದ್ದ ಕಾಲ. ಆ ರಾತ್ರಿ ಲೆಡ್ ಜೆಪ್ಪೆಲಿನ್ ಬ್ಯಾಂಡು ಅಲ್ಲಿ ಒಂದು ಹೊಸ ಹಾಡು ನುಡಿಸಿತು. ಅದರ ರೆಕಾರ್ಡು ಅಂಗಡಿಗೆ ಬರಲು ಇನ್ನೂ ಎಂಟು ತಿಂಗಳು ಬಾಕಿ. ಗಿಟಾರಿನ ತಂತಿಯನ್ನು ಮೆಲ್ಲನೆ ಮೀಟುತ್ತ ಶುರುವಾಗುವ, ನಾಲ್ಕು ನಿಮಿಷ ದಾಟುವವರೆಗೂ ಡ್ರಮ್ಸಿನ ಸದ್ದೇ ಇಲ್ಲದ, ಮುಗಿಯಲು ಎಂಟು ನಿಮಿಷ ಹಿಡಿಯುವ ಹಾಡು. ಸಭೆಗೆ ಬೇಸರ ಬಂತು. ಗೊತ್ತಿರುವ ಹಾಡು ಯಾವಾಗ ಬರುತ್ತದೋ ಎಂದು ಜನ ಕಾಯುತ್ತಿದ್ದರು ಎಂದು ಬ್ಯಾಂಡಿನ ಬೇಸ್ ಗಿಟಾರ್ ವಾದಕ ಜಾನ್ ಪಾಲ್ ಜೋನ್ಸ್ ಮುಂದೊಮ್ಮೆ ನೆನಪಿಸಿಕೊಂಡರು. ಆ ಹಾಡು ‘ಸ್ಟೇರ್‌ವೇ ಟು ಹೆವನ್’.

ಅದೇ ವರ್ಷದ ಡಿಸೆಂಬರ್ 4. ಸ್ವಿಟ್ಜರ್ಲೆಂಡಿನ ಮಾಂಟ್ರೋ ಪಟ್ಟಣದಲ್ಲಿ ಜಿನೀವಾ ಸರೋವರದ ದಂಡೆಯ ಕ್ಯಾಸಿನೊ. ಫ್ರಾಂಕ್ ಜಪ್ಪಾ ಅವರ ಕಾರ್ಯಕ್ರಮದ ನಡುವೆ ಪ್ರೇಕ್ಷಕನೊಬ್ಬ ಸಿಗ್ನಲ್ ಪಿಸ್ತೂಲು ಹಾರಿಸಿದ. ಕಿಡಿ ಛಾವಣಿಗೆ ತಗುಲಿ ಕಟ್ಟಡವೇ ಉರಿದುಹೋಯಿತು. ಅದೇ ಜಾಗದಲ್ಲಿ ರೆಕಾರ್ಡಿಂಗ್ ಮಾಡಲು ಬಂದಿದ್ದ ಡೀಪ್ ಪರ್ಪಲ್ ತಂಡದವರು, ಹೊಗೆ ನೀರಿನ ಮೇಲೆ ಹರಡುವುದನ್ನು ದೂರದಿಂದ ನೋಡಿದರು. ಆ ನೋಟದಿಂದ ‘ಸ್ಮೋಕ್ ಆನ್ ದ ವಾಟರ್’ ಹುಟ್ಟಿತು. ಅದರ ಆರಂಭದ ಗಿಟಾರನ್ನು ಒಮ್ಮೆ ಕೇಳಿದವರಿಗೆ ಎರಡನೇ ಸಲ ಪರಿಚಯ ಹೇಳಬೇಕಾಗಿಲ್ಲ. ಇಂಗ್ಲಿಷ್ ಬಾರದವರೂ, ಬ್ಯಾಂಡಿನ ಹೆಸರು ತಿಳಿಯದವರೂ ಅದನ್ನು ಗುನುಗುತ್ತಾರೆ. ಜಗತ್ತಿನ ಯಾವ ಊರಿನ ಗಿಟಾರ್ ಅಂಗಡಿಗೆ ಹೋದರೂ ಕಲಿಯುವ ಹುಡುಗರ ಬೆರಳು ಮೊದಲು ಹುಡುಕುವುದು ಇದನ್ನೇ.

ಎರಡೂ ಇಂಗ್ಲೆಂಡಿನ ಬ್ಯಾಂಡುಗಳು, ಎರಡೂ 1968ರಲ್ಲಿ ಹುಟ್ಟಿದವು, ಎರಡೂ ಬ್ಲೂಸ್ ಸಂಗೀತವನ್ನು ಹಿಗ್ಗಿಸಿ ಗಟ್ಟಿದನಿಯಲ್ಲಿ ನುಡಿಸಿದವು. ಆದರೂ ಕೇಳುಗರನ್ನು ಗೆದ್ದ ಬಗೆ ಬೇರೆ ಬೇರೆ. ಹಳೆಯ ರಾಕ್ ಪ್ರಿಯರು ನಾಲ್ಕು ಜನ ಸೇರಿದರೆ ಯಾವ ಬ್ಯಾಂಡು ದೊಡ್ಡದು ಎಂಬ ವಾದ ರಾತ್ರಿಯಿಡೀ ನಡೆಯುತ್ತದೆ. ಗಿಟಾರ್ ವಾದಕನ ವೇಗ, ಗಾಯಕನ ಶಾರೀರ, ಮಾರಾಟವಾದ ರೆಕಾರ್ಡಿನ ಸಂಖ್ಯೆ, ಹೀಗೆ ಅಳತೆಗೋಲುಗಳು ಹೊರಬರುತ್ತವೆ. ಆ ಬ್ಯಾಂಡಿನ ಸಂಗೀತವನ್ನು ಜನ ಮೊದಲು ಎಲ್ಲಿ, ಯಾವುದರ ಮೂಲಕ ಕೇಳಿದರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಅದೇ ಮೊದಲ ಪ್ರಶ್ನೆ. ಸಾರಾಯಿ ಅಂಗಡಿಯ ಮೂಲೆ, ಕಾರಿನ ರೇಡಿಯೊ, ಹಾಸ್ಟೆಲ್ ಕೋಣೆಯ ಸ್ಟೀರಿಯೊ, ಎಪ್ಪತ್ತು ಸಾವಿರ ಜನರ ಮೈದಾನ: ಮೊದಲ ಕೇಳುಗರು ಸಿಕ್ಕ ಜಾಗ ಬ್ಯಾಂಡಿನ ಸಂಗೀತದೊಳಗೇ ಇಳಿದಿರುತ್ತದೆ. ಕಿವಿಗೊಟ್ಟರೆ ಆ ಜಾಗ ಇಂದಿಗೂ ಕೇಳಿಸುತ್ತದೆ.

ಮೊದಲು ಡೀಪ್ ಪರ್ಪಲ್ ವಿಷಯ. ಹಾಡಿನ ಉದ್ದಕ್ಕೂ ಮರಳಿ ಮರಳಿ ಬರುವ ಗಿಟಾರಿನ ಪುಟ್ಟ ಪದಗುಚ್ಛಕ್ಕೆ ರಾಕ್‌ನವರು ರಿಫ್ ಎನ್ನುತ್ತಾರೆ. ರಿಚಿ ಬ್ಲ್ಯಾಕ್‌ಮೋರ್ ಕಟ್ಟಿದ ಈ ರಿಫ್‌ನಲ್ಲಿ ಇರುವುದು ನಾಲ್ಕೇ ಸ್ವರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಜೊತೆಗೆ ಒಂದೇ ಒಂದು ಸಲ ಇಣುಕಿ ಹೋಗುವ ಪ್ರತಿ ಮಧ್ಯಮ. ಎರಡು ಮಧ್ಯಮಗಳು ಒಂದರ ಬೆನ್ನಿಗೆ ಒಂದು ಬರುವುದು ಕರ್ನಾಟಕ ಸಂಗೀತದ ಕಿವಿಗೆ ಅಪರೂಪದ ಸಂಗತಿ; ಹಾಡಿನ ಕೊಕ್ಕೆ ಇರುವುದೂ ಅಲ್ಲೇ. ಬ್ಲ್ಯಾಕ್‌ಮೋರ್ ಪ್ರತಿ ಸ್ವರಕ್ಕೂ ಅದರ ಜೋಡಿ ಸ್ವರವನ್ನು ಸೇರಿಸಿ, ಪ್ಲೆಕ್ಟ್ರಮ್ ಬಿಟ್ಟು ಬೆರಳಿನಿಂದಲೇ ಎರಡು ತಂತಿಗಳನ್ನು ಒಟ್ಟಿಗೆ ಮೀಟುತ್ತಾರೆ. ಮೊದಲು ಗಿಟಾರೊಂದೇ. ಆಮೇಲೆ ಹೈ-ಹ್ಯಾಟಿನ ಚಿಟಿಚಿಟಿ, ಜಾನ್ ಲಾರ್ಡ್ ಅವರ ಒರಟು ಆರ್ಗನ್. ಆಮೇಲೆ ಪೂರ್ತಿ ಡ್ರಮ್ಸ್. ಕೊನೆಗೆ ಬೇಸ್. ದನಿ ಶುರುವಾಗುವ ಹೊತ್ತಿಗೆ ಕೇಳುಗನ ಎದುರಿಗೇ ಒಂದು ಬ್ಯಾಂಡು ಸದ್ದು ಸದ್ದಾಗಿ ಜೋಡಣೆಗೊಂಡಿರುತ್ತದೆ. ಹಾಡನ್ನು ಹೇಗೆ ಕೇಳಬೇಕೆಂದು ಹಾಡೇ ಕಲಿಸಿಕೊಡುವ ಇಂಥ ಆರಂಭ ರಾಕ್‌ನಲ್ಲಿ ಹೆಚ್ಚಿಲ್ಲ.

ಸೋಜಿಗವೆಂದರೆ, ಇದರ ಬಲ ಬ್ಯಾಂಡಿನವರಿಗೇ ಗೊತ್ತಾಗಿರಲಿಲ್ಲ. ಅವರು ಹಿಟ್ ಆಗುತ್ತದೆಂದು ನಂಬಿದ್ದು ಅದೇ ಆಲ್ಬಮ್ಮಿನ ‘ನೆವರ್ ಬಿಫೋರ್’ ಹಾಡನ್ನು. 1972ರ ಮಾರ್ಚ್‌ನಲ್ಲಿ ‘ಮೆಷಿನ್ ಹೆಡ್’ ಆಲ್ಬಮ್ ಹೊರಬಂದು ಒಂದು ವರ್ಷ ಕಳೆದ ಮೇಲೆ, 1973ರಲ್ಲಿ, ಅಮೆರಿಕದಲ್ಲಿ ‘ಸ್ಮೋಕ್ ಆನ್ ದ ವಾಟರ್’ ಸಿಂಗಲ್ (ಬಿಡಿಹಾಡಿನ ರೆಕಾರ್ಡು) ಆಗಿ ಬಿಡುಗಡೆಯಾಗಿ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೇರಿತು. ವೇದಿಕೆಯ ಮೇಲೆ ಅದನ್ನು ಕೇಳಿದ ಜನ ಆಗಲೇ ತೀರ್ಪು ಕೊಟ್ಟಾಗಿತ್ತು.

ಇಷ್ಟು ಬೇಗ ಹಿಡಿಯುವ ಸಂಗೀತ ಅಗ್ಗದ್ದು ಎಂಬ ಭಾವನೆ ರಸಿಕರಲ್ಲಿ ಉಂಟು. ನಾನದನ್ನು ಒಪ್ಪುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಕ್ರುಮ್‌ಹಾನ್ಸಲ್ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಜನಪ್ರಿಯ ಹಾಡುಗಳ ಕೇವಲ 400 ಮಿಲಿಸೆಕೆಂಡಿನ ಚೂರುಗಳನ್ನು, ಎಂದರೆ ಅರ್ಧ ಸೆಕೆಂಡಿಗೂ ಕಡಿಮೆಯದನ್ನು, ಕೇಳಿಸಲಾಯಿತು. ಕಾಲು ಭಾಗಕ್ಕೂ ಹೆಚ್ಚು ಸಲ ಕೇಳುಗರು ಹಾಡಿನ ಹೆಸರನ್ನೂ ಕಲಾವಿದರ ಹೆಸರನ್ನೂ ಸರಿಯಾಗಿ ಹೇಳಿದರು. ಅಷ್ಟು ಹೊತ್ತಿನಲ್ಲಿ ರಾಗವಾಗಲಿ ಸಾಹಿತ್ಯವಾಗಲಿ ತಿಳಿಯಲು ಸಾಧ್ಯವಿಲ್ಲ. ಉಳಿದದ್ದು ನಾದದ ಬಣ್ಣ ಮಾತ್ರ: ಆ ಗಿಟಾರಿನ ಕರಕರ, ಆ ಕೋಣೆಯ ಗುಂಯ್‌ಗುಡುವಿಕೆ. ಆ ಬಣ್ಣವನ್ನು ಗಳಿಸಲು ಡೀಪ್ ಪರ್ಪಲ್ ಪಟ್ಟ ಪಾಡು ಕಡಿಮೆಯದಲ್ಲ. ಕ್ಯಾಸಿನೊ ಸುಟ್ಟ ಮೇಲೆ ಅವರು ಪಟ್ಟಣದ ಒಂದು ರಂಗಮಂದಿರದಲ್ಲಿ ನುಡಿಸತೊಡಗಿದಾಗ ಅಕ್ಕಪಕ್ಕದವರು ಗಲಾಟೆಯೆಂದು ದೂರಿ ಪೊಲೀಸರು ಬಂದರು. ಸಹಾಯಕ ಹುಡುಗರು ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದಿರುವಾಗ ಈ ಹಾಡಿನ ಮೂಲ ವಾದ್ಯಭಾಗ ರೆಕಾರ್ಡಾಯಿತು. ಉಳಿದ ಆಲ್ಬಮ್ಮನ್ನು ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರಿನಲ್ಲಿ, ಹೊರಗೆ ನಿಲ್ಲಿಸಿದ್ದ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಸಂಚಾರಿ ಸ್ಟುಡಿಯೊ ಲಾರಿಗೆ ತಂತಿ ಎಳೆದು ಮುಗಿಸಿದರು.

ಲೆಡ್ ಜೆಪ್ಪೆಲಿನ್ ಬೇರೆ ದಾರಿ ಹಿಡಿದದ್ದು ಬೇಕೆಂದೇ. ಅದರ ಗಿಟಾರ್ ವಾದಕ ಜಿಮ್ಮಿ ಪೇಜ್ ಅದಕ್ಕೆ ಮೊದಲು ವರ್ಷಗಟ್ಟಲೆ ಲಂಡನ್ನಿನ ಸ್ಟುಡಿಯೊಗಳಲ್ಲಿ ಬೇರೆಯವರ ಸಿಂಗಲ್‌ಗಳಿಗೆ ಗಿಟಾರ್ ನುಡಿಸಿ ಬೇಸತ್ತಿದ್ದರು. ಮೂರು ನಿಮಿಷದ ಹಾಡಿನ ಕಾರ್ಖಾನೆ ಹೇಗೆ ನಡೆಯುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಮ್ಮ ಬ್ಯಾಂಡಿನ ಮೊದಲ ಆಲ್ಬಮ್ಮನ್ನು ಲಂಡನ್ನಿನ ಒಲಿಂಪಿಕ್ ಸ್ಟುಡಿಯೊದಲ್ಲಿ ಸುಮಾರು 36 ಗಂಟೆಗಳಲ್ಲಿ, 1,800 ಪೌಂಡಿಗೂ ಕಡಿಮೆ ವೆಚ್ಚದಲ್ಲಿ, ಕೈಯಿಂದಲೇ ಹಣ ಹಾಕಿ ಮುಗಿಸಿದ್ದಾಗಿ ಅವರು ಹೇಳಿದ್ದಾರೆ. ಮ್ಯಾನೇಜರ್ ಪೀಟರ್ ಗ್ರ್ಯಾಂಟ್ ಬ್ರಿಟನ್ನಿನಲ್ಲಿ ಸಿಂಗಲ್ ಬಿಡಲು ಒಪ್ಪಲಿಲ್ಲ. ಬ್ಯಾಂಡು ಇದ್ದಷ್ಟು ಕಾಲವೂ ಆ ಪಟ್ಟು ಸಡಿಲಲಿಲ್ಲ. ಹಾಡು ಬೇಕೇ, ಇಡೀ ಆಲ್ಬಮ್ ಕೊಳ್ಳಿ. ಬ್ಯಾಂಡು ನೋಡಬೇಕೇ, ಟಿವಿ ಬಿಟ್ಟು ಸಭಾಂಗಣಕ್ಕೆ ಬನ್ನಿ. ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕ ಮೊದಲ ಆಲ್ಬಮ್ಮನ್ನು ಹೀಗಳೆದ. ಅಷ್ಟರಲ್ಲಿ ಬ್ಯಾಂಡು ಅಮೆರಿಕದ ಊರೂರು ಸುತ್ತುತ್ತಿತ್ತು. 1968ರ ಡಿಸೆಂಬರ್ 26ರಂದು ಡೆನ್ವರ್‌ನಲ್ಲಿ ಶುರುವಾದ ಆ ಪ್ರವಾಸ 1969ರ ಜನವರಿಯಲ್ಲಿ ಬಾಸ್ಟನ್ ತಲುಪಿದಾಗ ಜನ ಅವರನ್ನು ವೇದಿಕೆಯಿಂದ ಇಳಿಯಗೊಡಲಿಲ್ಲ. ತಮ್ಮ ಹಾಡುಗಳೆಲ್ಲ ಮುಗಿದು, ಬೀಟಲ್ಸ್, ಸ್ಟೋನ್ಸ್ ಹಾಡುಗಳನ್ನೂ ನುಡಿಸಿ, ನಾಲ್ಕು ಗಂಟೆಯ ಹೊತ್ತು ಕಳೆದಿತ್ತೆಂದು ಬ್ಯಾಂಡಿನವರು ನೆನೆದಿದ್ದಾರೆ.

ಸಿಂಗಲ್ ಇಲ್ಲದೆಯೂ ಜೆಪ್ಪೆಲಿನ್ ಗೆದ್ದದ್ದರ ಹಿಂದೆ ಒಂದು ಸರ್ಕಾರಿ ನಿಯಮದ ಪಾತ್ರವೂ ಇದೆ. ಅಮೆರಿಕದಲ್ಲಿ ಒಂದೇ ಒಡೆತನದ ಎಎಂ ಮತ್ತು ಎಫ್‌ಎಂ ಕೇಂದ್ರಗಳು ದಿನವಿಡೀ ಒಂದೇ ಕಾರ್ಯಕ್ರಮ ಬಿತ್ತರಿಸುವುದಕ್ಕೆ ದೊಡ್ಡ ನಗರಗಳಲ್ಲಿ ಕಡಿವಾಣ ಬಿದ್ದದ್ದು 1967ರಲ್ಲಿ. ಎಫ್‌ಎಂ ಕೇಂದ್ರಗಳಿಗೆ ದಿಢೀರನೆ ಹೊಸ ಸರಕು ಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಕೆಎಂಪಿಎಕ್ಸ್ ಕೇಂದ್ರದಲ್ಲಿ ಟಾಮ್ ಡಾನಹ್ಯೂ ಆ ವರ್ಷವೇ ಉದ್ದುದ್ದ ಹಾಡುಗಳನ್ನು, ಆಲ್ಬಮ್ಮಿನ ಮೂಲೆಯಲ್ಲಿ ಅಡಗಿದ್ದ ಹಾಡುಗಳನ್ನು ಹಾಕತೊಡಗಿದರು. ಎಂಟು ನಿಮಿಷದ ಹಾಡಿಗೆ ಆಕಾಶದಲ್ಲಿ ಜಾಗ ಸಿಕ್ಕಿತು. ‘ಸ್ಟೇರ್‌ವೇ ಟು ಹೆವನ್’ ಅಮೆರಿಕದಲ್ಲೂ ಮಾರಾಟದ ಸಿಂಗಲ್ ಆಗಲಿಲ್ಲ. ಎಫ್‌ಎಂನವರು ರಾತ್ರಿ ರಾತ್ರಿ ಹಾಕಿ ಹಾಕಿ, ಬೆಲ್‌ಫಾಸ್ಟಿನಲ್ಲಿ ಬೇಸರ ತರಿಸಿದ್ದ ಹಾಡನ್ನು ಕೇಳುಗರೇ ಫೋನು ಮಾಡಿ ಬೇಡುವಂತೆ ಮಾಡಿದರು. ಆ ಹಾಡಿದ್ದ ನಾಲ್ಕನೇ ಆಲ್ಬಮ್ಮಿನ ಹೊದಿಕೆಯ ಮೇಲೆ ಬ್ಯಾಂಡಿನ ಹೆಸರೇ ಇರಲಿಲ್ಲ. ಅಮೆರಿಕದ ಪಟ್ಟಿಯಲ್ಲಿ ಅದು ಏರಿದ್ದು ಎರಡನೇ ಸ್ಥಾನದವರೆಗೆ. ಮಾರಾಟವಾದದ್ದು ಆ ದೇಶವೊಂದರಲ್ಲೇ ಎರಡು ಕೋಟಿ ಪ್ರತಿಗಳಿಗೂ ಹೆಚ್ಚು.

ಜೆಪ್ಪೆಲಿನ್ ಸಂಗೀತದಲ್ಲಿ ಜಾಗ ಹೇಗೆ ಕೇಳಿಸುತ್ತದೆಂದು ತಿಳಿಯಬೇಕಾದರೆ ಅದೇ ಆಲ್ಬಮ್ಮಿನ ಕೊನೆಯ ಹಾಡಿಗೆ ಹೋಗಬೇಕು, ‘ವೆನ್ ದ ಲೆವಿ ಬ್ರೇಕ್ಸ್’. ಹ್ಯಾಂಪ್‌ಷೈರಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯಲ್ಲಿ ಜಾನ್ ಬಾನಮ್ ಅವರ ಡ್ರಮ್ಸನ್ನು ಮೆಟ್ಟಿಲ ಬುಡದಲ್ಲಿಟ್ಟು, ಎಂಜಿನಿಯರ್ ಆಂಡಿ ಜಾನ್ಸ್ ಎರಡು ಮೈಕುಗಳನ್ನು ಮೇಲಿನ ಮಹಡಿಯಿಂದ ಇಳಿಬಿಟ್ಟರು. ಡ್ರಮ್ಸಿಗೆ ಒತ್ತಿ ಮೈಕು ಇಡುವುದು ಅಂದಿನ ರೂಢಿ. ಇಲ್ಲಿ ಕೇಳಿಸುವುದು ಮೂರು ಮಹಡಿಯ ಗಾಳಿ. ಆ ಮೊದಲ ಪೆಟ್ಟು ಎದೆಗೆ ಬಡಿಯುವ ರೀತಿ ಹೇಳಿ ಮುಗಿಯುವಂಥದ್ದಲ್ಲ. ಮುಂದೆ ಹಿಪ್‌ಹಾಪ್ ಸಂಗೀತಗಾರರು ಆ ಡ್ರಮ್ಸಿನ ತುಣುಕನ್ನು ಕತ್ತರಿಸಿ ಕತ್ತರಿಸಿ ಬಳಸಿಕೊಂಡರು. ಜೆಪ್ಪೆಲಿನ್ ಎಂದರೆ ಯಾರೆಂದು ಗೊತ್ತಿಲ್ಲದ ಎಷ್ಟೋ ಮಂದಿಯ ಕಿವಿಗೆ ಬಾನಮ್ ಹಾಗೆ ಮೊದಲು ಸೇರಿದರು.

ಇಂಗ್ಲೆಂಡಿನದೇ ಆದ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಗೆಲುವಿಗೆ ಇನ್ನೂ ಹೆಚ್ಚು ತಾಳ್ಮೆ ಬೇಕಾಯಿತು. ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ 1973ರ ಮಾರ್ಚ್ 1ರಂದು ಹೊರಬರುವ ಮೊದಲೇ, ಒಂದು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಡು ಅದನ್ನು ಇಡಿಯಾಗಿ ವೇದಿಕೆಯ ಮೇಲೆ ನುಡಿಸುತ್ತಿತ್ತು. ಮೊದಲ ಸಲ, 1972ರ ಜನವರಿ 20ರಂದು ಬ್ರೈಟನ್ನಿನಲ್ಲಿ, ಯಂತ್ರಗಳು ಕೈಕೊಟ್ಟು ನಡುವೆಯೇ ನಿಲ್ಲಿಸಬೇಕಾಯಿತು. ಆ ತಿಂಗಳುಗಳಲ್ಲಿ ಸಭಿಕರ ಎದುರು ನುಡಿಸಿ ನುಡಿಸಿ ಕೃತಿ ಪಾಕಕ್ಕೆ ಬಂತು. ಆಮೇಲೆ ಅಬ್ಬಿ ರೋಡ್ ಸ್ಟುಡಿಯೊ. ಎಂಜಿನಿಯರ್ ಆಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಯೊಂದರಲ್ಲಿ ಬೇರೊಂದು ಕೆಲಸಕ್ಕೆಂದು ರೆಕಾರ್ಡು ಮಾಡಿಟ್ಟುಕೊಂಡಿದ್ದ ಗಂಟೆಗಳ ಸದ್ದು ಒಳಸೇರಿತು. 1973ರ ಜನವರಿಯ ಒಂದು ಭಾನುವಾರ ಸ್ಟುಡಿಯೊಗೆ ಬಂದ ಗಾಯಕಿ ಕ್ಲೇರ್ ಟಾರಿ ಮಾತಿಲ್ಲದ ಹಾಡೊಂದನ್ನು ಅಲ್ಲೇ ಹೊಳೆದಂತೆ ಹಾಡಿ, 30 ಪೌಂಡ್ ಸಂಭಾವನೆ ಪಡೆದು ಹೋದರು. ದಶಕಗಳ ನಂತರ ಅವರು ನ್ಯಾಯಾಲಯಕ್ಕೆ ಹೋಗಿ ಆ ರಚನೆಯಲ್ಲಿ ತಮ್ಮ ಪಾಲನ್ನು ಪಡೆದರು. ಪಡೆಯಲೇಬೇಕಿತ್ತು. ಆ ಕಂಠವಿಲ್ಲದೆ ಆ ಆಲ್ಬಮ್ ಇಲ್ಲ.

ಎದೆಬಡಿತದ ಸದ್ದಿನಿಂದ ಶುರುವಾಗಿ ಅದರಲ್ಲೇ ಮುಗಿಯುವ ಈ 43 ನಿಮಿಷದ ಕೃತಿ ಒಂದು ಹಾಡಿನಿಂದ ಗೆಲ್ಲುವಂಥದ್ದಲ್ಲ. ಎರಡು ಸ್ಪೀಕರುಗಳ ನಡುವೆ ಕುಳಿತು ಕೇಳಲೆಂದೇ ಅದನ್ನು ಹೆಣೆದಿದ್ದಾರೆ. ಹೆಜ್ಜೆ ಸಪ್ಪಳ ಎಡದಿಂದ ಬಲಕ್ಕೆ ಓಡುತ್ತದೆ, ನಗು ಹಿಂದಿನಿಂದ ಬಂದಂತೆ ಕೇಳುತ್ತದೆ. ಮಧ್ಯಮ ವರ್ಗದ ಮನೆಗಳಿಗೆ, ಕಾಲೇಜು ಹಾಸ್ಟೆಲುಗಳಿಗೆ ಒಳ್ಳೆಯ ಸ್ಟೀರಿಯೊ ಬರುತ್ತಿದ್ದ ವರ್ಷಗಳವು. ಹೊಸ ಯಂತ್ರ ತಂದವರು ಅದರ ಶಕ್ತಿ ತೋರಿಸಲು ಹಾಕುತ್ತಿದ್ದ ರೆಕಾರ್ಡು ಇದಾಯಿತು. ಒಬ್ಬರ ಕೋಣೆಯಲ್ಲಿ ಕೇಳಿದವರು ಮತ್ತೊಬ್ಬರನ್ನು ಕರೆತಂದರು. ಅಮೆರಿಕದ ಪಟ್ಟಿಯಲ್ಲಿ ಅದು ಮೊದಲ ಸ್ಥಾನದಲ್ಲಿದ್ದುದು ಒಂದೇ ಒಂದು ವಾರ. ಆದರೆ 1988ರವರೆಗೆ ಒಟ್ಟು 741 ವಾರ ಅದು ಮೊದಲ ಇನ್ನೂರರ ಪಟ್ಟಿಯಲ್ಲಿ ಇತ್ತು. ಡೀಪ್ ಪರ್ಪಲ್ಲಿನ ನಾಲ್ಕು ಸ್ವರಗಳ ಗೆಲುವಿಗೂ ಇದಕ್ಕೂ ಇರುವ ಅಂತರವನ್ನು ಈ ಎರಡು ಅಂಕಿಗಳು ಹೇಳುತ್ತವೆ.

ಹಾಗಿದ್ದೂ ಬಾಗಿಲು ತೆರೆಯಲು ಒಂದು ಹಾಡು ಬೇಕೆಂದು ಕಂಡುಕೊಂಡವರು ಒಬ್ಬ ಭಾರತೀಯರು. ತಿರುವನಂತಪುರದಲ್ಲಿ ಹುಟ್ಟಿ, ಡೂನ್ ಸ್ಕೂಲ್ ಮತ್ತು ಆಕ್ಸ್‌ಫರ್ಡಿನಲ್ಲಿ ಓದಿ, ಭಾರತದ ಗ್ರಾಮಫೋನ್ ಕಂಪನಿಯನ್ನು ನಡೆಸಿ, 1971ರಲ್ಲಿ ಅಮೆರಿಕದ ಕ್ಯಾಪಿಟಲ್ ರೆಕಾರ್ಡ್ಸ್ ಮುಖ್ಯಸ್ಥರಾದ ಭಾಸ್ಕರ ಮೆನನ್. ಅಲ್ಲಿಯವರೆಗೆ ಅಮೆರಿಕದಲ್ಲಿ ಪಿಂಕ್ ಫ್ಲಾಯ್ಡ್ ಆಲ್ಬಮ್ಮುಗಳು ಹೇಳಿಕೊಳ್ಳುವಂತೆ ಓಡಿರಲಿಲ್ಲ. ಬ್ಯಾಂಡು ಬೇರೆ ಕಂಪನಿಗೆ ಹೋಗಲು ನಿರ್ಧರಿಸಿಯೂ ಆಗಿತ್ತು. ಆದರೂ ಮೆನನ್ ಈ ಆಲ್ಬಮ್ಮಿಗೆ ಕಂಪನಿಯ ಪೂರ್ತಿ ಬಲ ಹಾಕಿ, ‘ಮನಿ’ ಹಾಡನ್ನು ಸಿಂಗಲ್ ಆಗಿ ರೇಡಿಯೊಗೆ ತಲುಪಿಸಿದರು. ಅದು 13ನೇ ಸ್ಥಾನಕ್ಕೇರಿತು. ಹಾಡು ಏಳು ಮಾತ್ರೆಗಳ ಲೆಕ್ಕದ್ದು. ಪಾಶ್ಚಾತ್ಯ ರೇಡಿಯೊಗೆ ಇದು ವಿಚಿತ್ರ. ಮಿಶ್ರ ಚಾಪಿನಲ್ಲಿ ಬೆಳೆದ ನಮ್ಮ ಕಿವಿಗೆ ಲೆಕ್ಕ ಎಲ್ಲೂ ತಪ್ಪಿದಂತೆನಿಸದು. ಗಿಟಾರಿನ ಏಕವಾದನ ಬಂದಾಗ ಮಾತ್ರ ಅದು ನಾಲ್ಕರ ನಡೆಗೆ ಹೊರಳುತ್ತದೆ. ಆ ಹೊರಳುವಿಕೆಯ ಹಗುರ ಅನುಭವಿಸಬೇಕಾದರೆ ಅದಕ್ಕೆ ಮುಂಚಿನ ಏಳರ ಕಟ್ಟನ್ನು ಕೈಯಲ್ಲಿ ತಾಳ ಹಾಕಿ ನೋಡಬೇಕು.

ಕ್ವೀನ್ ಬ್ಯಾಂಡಿಗೆ ದಾರಿಗಳು ಹಲವು, ಎಲ್ಲವೂ ದೊಡ್ಡವು. ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿ ಜಾಂಜಿಬಾರಿನಲ್ಲಿ ಹುಟ್ಟಿದ ಪಾರ್ಸಿ, ಫಾರೂಖ್ ಬಲ್ಸಾರಾ. ಪಿಯಾನೊ ಕಲಿತದ್ದು, ಮೊದಲ ಬ್ಯಾಂಡು ಕಟ್ಟಿದ್ದು ಮಹಾರಾಷ್ಟ್ರದ ಪಂಚಗನಿಯ ವಸತಿಶಾಲೆಯಲ್ಲಿ. 1975ರಲ್ಲಿ ಅವರು ಬರೆದ ‘ಬೊಹೀಮಿಯನ್ ರ‍್ಯಾಪ್ಸಡಿ’ಯಲ್ಲಿ ಪಲ್ಲವಿಯೇ ಇಲ್ಲ. 5 ನಿಮಿಷ 55 ಸೆಕೆಂಡು. ಭಾವಗೀತೆ, ಒಪೆರಾ, ಗಟ್ಟಿ ರಾಕ್ ಎಲ್ಲ ಒಂದರ ಹಿಂದೆ ಒಂದು. ಇಷ್ಟು ಉದ್ದದ್ದನ್ನು ರೇಡಿಯೊ ಹಾಕುವುದಿಲ್ಲ ಎಂದು ರೆಕಾರ್ಡ್ ಕಂಪನಿ ಹಿಂಜರಿಯಿತು. ಲಂಡನ್ನಿನ ಕ್ಯಾಪಿಟಲ್ ರೇಡಿಯೊದ ಕೆನಿ ಎವರೆಟ್ ಕೈಗೆ ಒಂದು ಪ್ರತಿ ಸಿಕ್ಕಿತು. ಎರಡು ದಿನಗಳಲ್ಲಿ ಆತ ಅದನ್ನು 14 ಸಲ ಹಾಕಿದ. ಸೋಮವಾರ ಜನ ಅಂಗಡಿಗೆ ಹೋಗಿ ಇನ್ನೂ ಬಾರದ ರೆಕಾರ್ಡು ಕೇಳಿದರು. ಬಳಿಕ ಬಂದ ವಿಡಿಯೊ ಟಿವಿಯಲ್ಲಿ ಓಡಿ, ಹಾಡು ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತಿತು.

ಆದರೆ ಕ್ವೀನ್ ಪ್ರತಿಭೆಯ ತಿರುಳು ನನಗೆ ಕಾಣುವುದು ‘ವೀ ವಿಲ್ ರಾಕ್ ಯೂ’ ಹಾಡಿನಲ್ಲಿ. 1977ರಲ್ಲಿ ಇಂಗ್ಲೆಂಡಿನ ಸ್ಟ್ಯಾಫರ್ಡ್ ಬಳಿಯ ಬಿಂಗ್ಲಿ ಹಾಲ್‌ನಲ್ಲಿ ಕಾರ್ಯಕ್ರಮ ಮುಗಿದ ಮೇಲೂ ಜನ ಹೋಗದೆ, ಫುಟ್‌ಬಾಲ್ ಮೈದಾನದ ಹಾಡೊಂದನ್ನು ಬ್ಯಾಂಡಿಗಾಗಿ ತಾವೇ ಹಾಡಿದರು. ಕಿಕ್ಕಿರಿದು ನಿಂತ ಜನ ಏನು ಮಾಡಬಲ್ಲರು ಎಂದು ಗಿಟಾರ್ ವಾದಕ ಬ್ರಯನ್ ಮೇ ಯೋಚಿಸಿದರು. ಕಾಲು ಕುಟ್ಟಬಲ್ಲರು, ಚಪ್ಪಾಳೆ ತಟ್ಟಬಲ್ಲರು, ಹಾಡಬಲ್ಲರು. ಎರಡು ಕುಟ್ಟು, ಒಂದು ಚಪ್ಪಾಳೆ. ಹಾಡಿನಲ್ಲಿ ಡ್ರಮ್ಸೇ ಇಲ್ಲ. ಉತ್ತರ ಲಂಡನ್ನಿನಲ್ಲಿ ಹಿಂದೆ ಚರ್ಚಿಗೆ ಸೇರಿದ್ದ ಕಟ್ಟಡದ ಸ್ಟುಡಿಯೊದಲ್ಲಿ ಹಳೆಯ ಹಲಗೆಗಳನ್ನು ಪೇರಿಸಿ ಅವುಗಳ ಮೇಲೆ ಕುಣಿದು ರೆಕಾರ್ಡು ಮಾಡಿದರು. ಕೆಲವೇ ಜನರ ಸದ್ದು ಸಾವಿರಾರು ಜನರದಾಗಿ ಕೇಳಬೇಕು, ಆದರೆ ಪ್ರತಿಧ್ವನಿಯಂತೆ ಕೇಳಬಾರದು. ಭೌತಶಾಸ್ತ್ರ ಓದಿದ್ದ ಮೇ ಪ್ರತಿ ಪದರವನ್ನೂ ಅವಿಭಾಜ್ಯ ಸಂಖ್ಯೆಗಳ ಅನುಪಾತದ ಅಂತರದಲ್ಲಿ ತಡಮಾಡಿ ಕೂಡಿಸಿದರು. ಆ ಅಂತರಗಳು ಒಂದಕ್ಕೊಂದು ಹೊಂದಿಕೊಳ್ಳದ ಕಾರಣ ಕಿವಿ ಅದನ್ನು ಗುಂಪೆಂದೇ ನಂಬುತ್ತದೆ. ಮೊದಲ ಸಲ ಒಬ್ಬನೇ ಕೇಳಿದರೂ ಕೇಳುಗ ಜನಜಂಗುಳಿಯ ನಡುವೆ ನಿಂತಿರುತ್ತಾನೆ. 1985ರ ಜುಲೈ 13ರಂದು ವೆಂಬ್ಲಿ ಮೈದಾನದ ಲೈವ್ ಏಡ್ ಕಾರ್ಯಕ್ರಮದಲ್ಲಿ ಇಪ್ಪತ್ತು ನಿಮಿಷದ ಸುಮಾರಿಗೆ ಕ್ವೀನ್ ಉಳಿದೆಲ್ಲರನ್ನೂ ಮೀರಿಸಿತೆಂಬ ಮಾತು ಪ್ರಸಿದ್ಧ. ಎಂಟು ವರ್ಷ ಮೊದಲೇ ಅವರು ಮೈದಾನಕ್ಕಾಗಿ ಬರೆಯಲು ಕಲಿತಿದ್ದರು.

ಕೆನಡಾದ ರಶ್ ಬ್ಯಾಂಡಿನ ಕಥೆ ಚಿಕ್ಕದು, ಅಷ್ಟೇ ಮುದ್ದಾದದ್ದು. ಯಾವ ಕಂಪನಿಯೂ ಮುಂದೆ ಬಾರದೆ ಟೊರಾಂಟೊದ ಮೂವರು ಹುಡುಗರು 1974ರಲ್ಲಿ ತಮ್ಮದೇ ಲೇಬಲ್‌ನಲ್ಲಿ ಮೊದಲ ಆಲ್ಬಮ್ ತಂದರು. ಅದರ ಪ್ರತಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಡಬ್ಲ್ಯುಎಂಎಂಎಸ್ ರೇಡಿಯೊದ ಡಾನಾ ಹ್ಯಾಲ್ಪರ್ ಮೇಜಿಗೆ ಬಂತು. ಅವರು ಉದ್ದದ ಹಾಡೊಂದನ್ನೇ ಹುಡುಕಿ ಮುಳ್ಳು ಇಟ್ಟರು: ‘ವರ್ಕಿಂಗ್ ಮ್ಯಾನ್’, ಏಳು ನಿಮಿಷ. ದಿನವಿಡೀ ದುಡಿದು ಬದುಕೆಲ್ಲಿ ಹೋಯಿತೆಂದು ಕೇಳುವ ಕೆಲಸಗಾರನ ಹಾಡು. ಕ್ಲೀವ್‌ಲ್ಯಾಂಡ್ ಉಕ್ಕಿನ ಕಾರ್ಖಾನೆಗಳ ಊರು. ಫೋನುಗಳು ಮೊಳಗಿದವು, ಇದು ಲೆಡ್ ಜೆಪ್ಪೆಲಿನ್ನಿನ ಹೊಸ ರೆಕಾರ್ಡೇ ಎಂದು ಹಲವರು ಕೇಳಿದರು. ಅದೇ ವರ್ಷ ಮರ್ಕ್ಯುರಿ ಎಂಬ ರೆಕಾರ್ಡ್ ಕಂಪನಿ ಬ್ಯಾಂಡನ್ನು ಸೇರಿಸಿಕೊಂಡಿತು. ಹೊಸ ಡ್ರಮ್ಮರ್ ನೀಲ್ ಪೀರ್ಟ್ ಬಂದ ಮೇಲೆ ರಶ್ ಸಂಗೀತ ಜಟಿಲವಾಯಿತು, ಎಲ್‌ಪಿಯ ಒಂದು ಬದಿ ತುಂಬುವ ಇಪ್ಪತ್ತು ನಿಮಿಷದ ಕಥನಗಳು ಬಂದವು. ಕೆಲಸಗಾರನ ಹಾಡಿಗೆ ಮನಸೋತು ಬಂದ ಕೇಳುಗರು ಅವನ್ನೂ ಕೇಳಿದರು. ಮೊದಲ ಹಾಡು ಗಳಿಸಿದ ನಂಬಿಕೆ ಅಷ್ಟು ದೂರ ಕರೆದೊಯ್ಯಬಲ್ಲದು.

ಗ್ರೇಟ್‌ಫುಲ್ ಡೆಡ್ ಮಾತ್ರ ಈ ಲೆಕ್ಕಗಳೆಲ್ಲದರ ಹೊರಗೆ. 1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಕೂಡಿದ ಈ ಬ್ಯಾಂಡಿನ ಸ್ಟುಡಿಯೊ ಆಲ್ಬಮ್ಮುಗಳನ್ನು ಅದರ ಭಕ್ತರೇ ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಅಮೆರಿಕದ ಮೊದಲ ಹತ್ತರೊಳಗೆ ಬಂದದ್ದು ಒಂದೇ ಹಾಡು, ‘ಟಚ್ ಆಫ್ ಗ್ರೇ’, ಅದೂ 1987ರಲ್ಲಿ, ಎರಡು ದಶಕ ಕಳೆದ ಮೇಲೆ. ಆದರೂ 1995ರಲ್ಲಿ ಬ್ಯಾಂಡಿನ ಗಿಟಾರ್ ವಾದಕ, ಗಾಯಕ ಜೆರಿ ಗಾರ್ಸಿಯಾ ತೀರಿಕೊಳ್ಳುವವರೆಗೆ ಅವರು ಎರಡು ಸಾವಿರಕ್ಕೂ ಹೆಚ್ಚು ಕಾರ್ಯಕ್ರಮ ಕೊಟ್ಟರು, ಜನ ಊರಿಂದ ಊರಿಗೆ ಅವರ ಹಿಂದೆಯೇ ಹೋದರು. ಬಯಲಾಟ ಮೆಚ್ಚಿದವರಿಗೆ ಇದು ಬೇಗ ಅರ್ಥವಾದೀತು: ಪ್ರಸಂಗ ಅದೇ, ಆದರೆ ನಿನ್ನೆಯ ರಾತ್ರಿಯ ಅರ್ಥ ಇಂದಿನ ರಾತ್ರಿಗಿಲ್ಲ, ಭಾಗವತರು ಇಂದು ಯಾವ ಪದ್ಯವನ್ನು ಹಿಗ್ಗಿಸುತ್ತಾರೋ ತಿಳಿಯದು. ಡೆಡ್ ಕೂಡ ರಾತ್ರಿಗೊಂದು ಪಟ್ಟಿ ಬದಲಿಸಿ, ಒಂದು ಹಾಡಿನಿಂದ ಇನ್ನೊಂದಕ್ಕೆ ನಿಲ್ಲದೆ ಜಾರುತ್ತಿತ್ತು. ಕೇಳುಗರು ಟೇಪ್ ರೆಕಾರ್ಡರ್ ತಂದು ಮುದ್ರಿಸಿಕೊಳ್ಳುವುದನ್ನು ಬ್ಯಾಂಡು ತಡೆಯಲಿಲ್ಲ; 1984ರಿಂದ ಅವರಿಗೆಂದೇ ಸಭೆಯಲ್ಲಿ ಪ್ರತ್ಯೇಕ ಜಾಗ ಕೊಟ್ಟಿತು. ಆ ಕ್ಯಾಸೆಟ್ಟುಗಳು ದುಡ್ಡಿಲ್ಲದೆ ಕೈಯಿಂದ ಕೈಗೆ ಹೋದವು. ಹೊಸ ಕೇಳುಗನಿಗೆ ಮೊದಲ ಪರಿಚಯ ಆಗುತ್ತಿದ್ದುದು ಸ್ನೇಹಿತನೊಬ್ಬ ತನ್ನ ಕೈಬರಹದಲ್ಲಿ ಊರು, ತಾರೀಖು ಬರೆದು ಕೊಟ್ಟ ಟೇಪಿನಿಂದ. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ ಕಾರ್ಯಕ್ರಮ ಹೀಗೆಯೇ ಹರಡಿ ಕೀರ್ತಿ ಪಡೆದು, ಮುಂದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿತು. ಡ್ರಮ್ಮರ್ ಮಿಕಿ ಹಾರ್ಟ್ ಉಸ್ತಾದ್ ಅಲ್ಲಾ ರಖಾ ಅವರಿಂದ ಪಾಠ ಪಡೆದವರು, ಜಾಕಿರ್ ಹುಸೇನರಿಗೆ ದೀರ್ಘಕಾಲ ಸಂಗಾತಿಯಾಗಿದ್ದವರು. ಆ ಬ್ಯಾಂಡಿನ ಲಯ ಕೆಲವೊಮ್ಮೆ ನಮ್ಮತ್ತ ವಾಲುವುದು ಬರಿ ಭ್ರಮೆಯಲ್ಲ.

ಬೆಂಗಳೂರಿಗೂ ಈ ಸಂಗೀತ ಬಂದದ್ದು ಬಹುಪಾಲು ಕ್ಯಾಸೆಟ್ಟಿನಲ್ಲಿ. ವಿದೇಶದಿಂದ ಯಾರೋ ತಂದ ಒಂದು ಎಲ್‌ಪಿಯಿಂದ ಹತ್ತಾರು ಪ್ರತಿಗಳು, ಪ್ರತಿಯಿಂದ ಪ್ರತಿ. ಹೀಗೆ ಬಂದಾಗ ಇಸವಿಗಳ ಅನುಕ್ರಮ ಕಳಚಿಹೋಗುತ್ತದೆ. ಕ್ಯಾಸೆಟ್ಟಿನ ಒಂದು ಬದಿಗೆ 1969ರ ಜೆಪ್ಪೆಲಿನ್, ಇನ್ನೊಂದು ಬದಿಗೆ 1979ರ ಫ್ಲಾಯ್ಡ್. ನಡುವಿನ ಹತ್ತು ವರ್ಷದ ಇಂಗ್ಲೆಂಡು ಕೇಳುಗನಿಗೆ ಇಲ್ಲವೇ ಇಲ್ಲ. ಇದರಿಂದ ಒಂದು ನಷ್ಟವಾಯಿತು, ಒಂದು ಲಾಭವೂ ಆಯಿತು. ಪಂಕ್ ರಾಕ್ ಬಂದು ಹಳೆಯ ಬ್ಯಾಂಡುಗಳನ್ನು ಬದಿಗೆ ಸರಿಸಿತೆಂಬ ಲಂಡನ್ನಿನ ಜಗಳ ನಮ್ಮಲ್ಲಿ ನಡೆಯಲಿಲ್ಲ; ಆ ಬ್ಯಾಂಡುಗಳು ನಮ್ಮಲ್ಲಿ ಹಳತಾಗಲೇ ಇಲ್ಲ. ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ಪಬ್ಬಿನಲ್ಲಿ ಎಷ್ಟೋ ಕಾಲೇಜು ಹುಡುಗರು ಬಿಯರಿನ ಜೊತೆಗೆ ಈ ಸಂಗೀತದ ಅಆಇಈ ಕಲಿತರು. ಆ ಶ್ರದ್ಧೆಯ ಅಳತೆ ಅರಮನೆ ಮೈದಾನದಲ್ಲಿ ಸಿಕ್ಕಿತು. 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಮಾಸಿದ ಟೇಪಿನಲ್ಲಿ ಕಲಿತ ಹಾಡುಗಳನ್ನು ಜನ ಪದ ಪದ ಹಾಡಿದರು.

ಈಗಿನ ಮೊದಲ ಕೇಳುವಿಕೆ ಫೋನಿನದು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಊಬೆರ್ ಲೆವೆಯೆ ಗೊವಾಂ 1986ರಿಂದ 2015ರವರೆಗಿನ ಅಮೆರಿಕದ ಜನಪ್ರಿಯ ಹಾಡುಗಳನ್ನು ಪರಿಶೀಲಿಸಿ, ದನಿ ಬರುವ ಮೊದಲಿನ ವಾದ್ಯಭಾಗ ಇಪ್ಪತ್ತು ಸೆಕೆಂಡಿಗೂ ಹೆಚ್ಚಿದ್ದದ್ದು ಸುಮಾರು ಐದು ಸೆಕೆಂಡಿಗೆ ಇಳಿದಿರುವುದನ್ನು ತೋರಿಸಿದರು. ಸ್ಪಾಟಿಫೈ ಒಂದು ಹಾಡನ್ನು ಕೇಳಿದ ಲೆಕ್ಕಕ್ಕೆ ಹಿಡಿಯಲು 30 ಸೆಕೆಂಡು ದಾಟಬೇಕು. ಪಿಂಕ್ ಫ್ಲಾಯ್ಡ್‌ನ 1975ರ ‘ಶೈನ್ ಆನ್ ಯೂ ಕ್ರೇಜಿ ಡೈಮಂಡ್’ನಲ್ಲಿ ಮನುಷ್ಯನ ದನಿ ಕೇಳುವುದು ಎಂಟು ನಿಮಿಷ ಕಳೆದ ಮೇಲೆ. ಹಾಗೆಂದು ದಾರಿ ಮುಚ್ಚಿದೆ ಎನ್ನಲಾರೆ. 1977ರ ಫ್ಲೀಟ್‌ವುಡ್ ಮ್ಯಾಕ್ ಹಾಡು ‘ಡ್ರೀಮ್ಸ್’, ಸ್ಕೇಟ್‌ಬೋರ್ಡಿನ ಮೇಲೆ ಸಾಗುವ ಒಬ್ಬನ ಪುಟ್ಟ ವಿಡಿಯೊದ ಬೆನ್ನೇರಿ 2020ರಲ್ಲಿ ಮತ್ತೆ ಅಮೆರಿಕದ ಪಟ್ಟಿಗೆ ಬಂತು. ಹದಿನೈದು ಸೆಕೆಂಡಿನಿಂದ ಒಳಬಂದು, ಆ ಹಾಡಿರುವ ಇಡೀ ‘ರೂಮರ್ಸ್’ ಆಲ್ಬಮ್ ಕೇಳಿದ ಹುಡುಗಿಯೂ ಕೇಳುಗಳೇ.

ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದು, ಈ ಸಂಗೀತವನ್ನು ಅವರಿಗೆ ದಾಟಿಸಬೇಕೆಂಬ ಆಸೆ ಇದ್ದವರಿಗೆ ನನ್ನದೊಂದು ಕೋರಿಕೆ. ‘ಅತ್ಯುತ್ತಮ ನೂರು’ ಎಂಬ ಪಟ್ಟಿಗಳನ್ನು ಕೊಡಬೇಡಿ; ಎಲ್ಲ ಬ್ಯಾಂಡುಗಳನ್ನೂ ಒಂದೇ ಗಾತ್ರಕ್ಕೆ ಕತ್ತರಿಸಿ ಸಾಲಾಗಿ ನಿಲ್ಲಿಸುವ ಪಟ್ಟಿಗಳವು. ಡೀಪ್ ಪರ್ಪಲ್ ಹೇಗೆ ಕೇಳಿದರೂ ಸರಿ, ಫೋನಿನ ಪುಟ್ಟ ಸ್ಪೀಕರನ್ನೂ ಅದು ಗೆಲ್ಲುತ್ತದೆ. ‘ವೆನ್ ದ ಲೆವಿ ಬ್ರೇಕ್ಸ್’ ಅನ್ನು ದೊಡ್ಡ ಸ್ಪೀಕರಿನಲ್ಲಿ, ನೆರೆಮನೆಯವರು ಊರಲ್ಲಿಲ್ಲದಾಗ ಹಾಕಿ. ಕ್ವೀನ್ ಹಾಡಿಗೆ ಹತ್ತು ಜನ ಸೇರಿಸಿ, ನೆಲ ಕುಟ್ಟಲು ಬಿಡಿ. ‘ಡಾರ್ಕ್ ಸೈಡ್’ ನಡುವೆ ನಿಲ್ಲಿಸದೆ 43 ನಿಮಿಷ ಪೂರ್ತಿ ಹೆಡ್‌ಫೋನಿನಲ್ಲಿ. ಇವೆಲ್ಲ ಒಗ್ಗಿದ ಮೇಲೆ, ದೂರದ ರಸ್ತೆ ಪ್ರಯಾಣವೊಂದರಲ್ಲಿ, 1977ರ ಬಾರ್ಟನ್ ಹಾಲ್ ಟೇಪಿನಲ್ಲಿ ‘ಸ್ಕಾರ್ಲೆಟ್ ಬೆಗೋನಿಯಾಸ್’ ನಿಲ್ಲದೆ ‘ಫೈರ್ ಆನ್ ದ ಮೌಂಟನ್’ ಆಗಿ ಹರಿಯುವ ಜಾಗ ಹಾಕಿ ನೋಡಿ. ಅದು ಹಿಡಿಸಿತೋ, ಆ ಬ್ಯಾಂಡಿನ ಸಾವಿರಾರು ರಾತ್ರಿಗಳ ಧ್ವನಿಮುದ್ರಣ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಕೇಳಲು ಸಿಗುತ್ತದೆ.